ಹೈಸ್ಕೂಲ್ ಮಕ್ಕಳ ಬರವಣಿಗೆ ಸ್ಪರ್ಧೆ: ಒಂದು ಶತಮಾನದ ಕಥೆ

ನಮ್ಮ ಸಂಘದ ಸಮಾರಂಭಗಳಲ್ಲಿ ಪ್ರತಿಭಾವಂತ ಮಕ್ಕಳನ್ನು ವೇದಿಕೆಗೆ ಕರೆದು ಗೌರವಿಸುವ ಪದ್ಧತಿ ಮೆಚ್ಚತಕ್ಕದ್ದು. ಗಣಿತದಲ್ಲಿ ಪದಕ ಪಡೆದವರು, ಸ್ಪೆಲ್ಲಿಂಗ್ ಬೀಯಲ್ಲಿ ಗೆದ್ದವರು, ವಿಜ್ಞಾನ ಮೇಳದಲ್ಲಿ ಬಹುಮಾನ ಗಳಿಸಿದವರು ಎಲ್ಲರಿಗೂ ಧಾರಾಳವಾಗಿ ಚಪ್ಪಾಳೆ ಬೀಳುತ್ತದೆ. ಆದರೆ ಕಥೆಯನ್ನೋ ಪ್ರಬಂಧವನ್ನೋ ಬರೆದು ಗೆದ್ದ ಮಕ್ಕಳ ಹೆಸರು ಕೇಳಿಬರುವುದು ಅಪರೂಪ. ಈ ಸಂದರ್ಭದಲ್ಲಿ, ಅಮೆರಿಕದ ಶಾಲಾ ಮಕ್ಕಳಿಗಾಗಿ ನೂರು ವರ್ಷಗಳಿಂದ ನಡೆದುಬಂದಿರುವ ಒಂದು ಬರವಣಿಗೆ ಸ್ಪರ್ಧೆಯ ಇತಿಹಾಸವನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ಸೂಕ್ತವೆನಿಸಿತು.

ಈ ಕಥೆ ಆರಂಭವಾಗುವುದು ಪಿಟ್ಸ್‌ಬರ್ಗ್ ಪಕ್ಕದ ವಿಲ್ಕಿನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ನಮ್ಮಲ್ಲಿ ಅನೇಕರು ಮಕ್ಕಳುಮರಿ ಸಮೇತ ಹೋಗಿಬಂದಿರುವ ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನ ಅಲ್ಲಿಂದ ಕೆಲವೇ ಮೈಲಿ. ಆಗಷ್ಟೇ ಡಾರ್ಟ್‌ಮತ್ ಕಾಲೇಜು ಮುಗಿಸಿ ಬಂದಿದ್ದ ಮಾರಿಸ್ ರಾಬಿನ್ಸನ್ ಎಂಬ ತರುಣ, 1920ರ ಅಕ್ಟೋಬರ್‌ನಲ್ಲಿ ‘ದಿ ವೆಸ್ಟರ್ನ್ ಪೆನ್ಸಿಲ್ವೇನಿಯಾ ಸ್ಕೊಲ್ಯಾಸ್ಟಿಕ್’ ಎಂಬ ನಾಲ್ಕು ಪುಟಗಳ ಪತ್ರಿಕೆಯನ್ನು ಹೊರತಂದರು. ಸುತ್ತಲಿನ 50 ಹೈಸ್ಕೂಲುಗಳ ಆಟೋಟ, ಸಭೆ ಸಮಾರಂಭಗಳ ಸುದ್ದಿಯೇ ಅದರ ಬಂಡವಾಳ. ಇಂದು ನಮ್ಮ ಮಕ್ಕಳು ಶಾಲೆಯ ಪುಸ್ತಕ ಮೇಳದಲ್ಲಿ ಕಾಣುವ ಸ್ಕೊಲ್ಯಾಸ್ಟಿಕ್ ಸಂಸ್ಥೆಯ ಬೀಜ ಅದೇ.

ಮೂರು ವರ್ಷಗಳ ನಂತರ, 1923ರಲ್ಲಿ, ರಾಬಿನ್ಸನ್ ಇನ್ನೊಂದು ಹೆಜ್ಜೆಯಿಟ್ಟರು. ಶಾಲೆಯ ಆಟಗಾರರಿಗೆ ಸಿಗುವಂತಹ ಮನ್ನಣೆ ಬರೆಯುವ ಮಕ್ಕಳಿಗೂ ಸಿಗಬೇಕೆಂದು ಪ್ರಶಸ್ತಿಗಳನ್ನು ಆರಂಭಿಸಿದರು. ಅದೇ ಇಂದಿನ ‘ಸ್ಕೊಲ್ಯಾಸ್ಟಿಕ್ ಆರ್ಟ್ ಅಂಡ್ ರೈಟಿಂಗ್ ಅವಾರ್ಡ್ಸ್’. ಸಿಲ್ವಿಯಾ ಪ್ಲಾತ್, ಟ್ರೂಮನ್ ಕಪೋಟಿ, ಜಾಯ್ಸ್ ಕೆರೊಲ್ ಓಟ್ಸ್ ಮೊದಲಾದವರು ವಿದ್ಯಾರ್ಥಿಗಳಾಗಿದ್ದಾಗಲೇ ಇಲ್ಲಿ ಗುರುತಿಸಲ್ಪಟ್ಟವರು.

ಈ ಪಟ್ಟಿಯಲ್ಲಿ ವಲಸೆ ಬಂದ ನಮ್ಮಂಥವರು ವಿಶೇಷವಾಗಿ ಗಮನಿಸಬೇಕಾದ ಹೆಸರು ಬರ್ನಾರ್ಡ್ ಮಾಲಮುಡ್ ಅವರದು. ರಷ್ಯಾದಿಂದ ಬಂದ ಯಹೂದಿ ದಂಪತಿಗಳ ಮಗ. ಮನೆಯಲ್ಲಿ ಯಿಡ್ಡಿಷ್ ಮಾತು. ತಂದೆಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಸಣ್ಣ ದಿನಸಿ ಅಂಗಡಿ. ಎರಾಸ್ಮಸ್ ಹಾಲ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಆ ಹುಡುಗ 1932ರಲ್ಲಿ, ಆರ್ಥಿಕ ಕುಸಿತದ ಆ ಕಷ್ಟದ ದಿನಗಳಲ್ಲಿ, ಅಂಗಡಿಯ ಕೌಂಟರಿನ ಹಿಂದೆ ನಿಂತವನಿಗೆ ಕಾಣುವ ಬದುಕಿನ ಬಗ್ಗೆ ಪ್ರಬಂಧ ಬರೆದು ಈ ಸ್ಪರ್ಧೆಯಲ್ಲಿ ಬಹುಮಾನ ಪಡೆದ. ಮುಂದೆ 1957ರಲ್ಲಿ ಅವರು ಬರೆದ ‘ದಿ ಅಸಿಸ್ಟೆಂಟ್’ ಕಾದಂಬರಿಯ ಒಂದು ಮುಖ್ಯ ಪಾತ್ರ ಕೂಡ ಬ್ರೂಕ್ಲಿನ್ನಿನ ಒಬ್ಬ ಬಡ ದಿನಸಿ ವ್ಯಾಪಾರಿಯೇ. 1967ರಲ್ಲಿ ‘ದಿ ಫಿಕ್ಸರ್’ ಕಾದಂಬರಿಗೆ ಪುಲಿಟ್ಜರ್ ಬಂತು. ಅಪ್ಪನ ಅಂಗಡಿಯೂ ಸಾಹಿತ್ಯದ ವಸ್ತುವಾಗಬಲ್ಲದು ಎಂಬ ಧೈರ್ಯಕ್ಕೆ ಹದಿನೆಂಟರ ಆ ಬಹುಮಾನ ಒಂದಿಷ್ಟಾದರೂ ನೀರೆರೆದಿರಬೇಕೆಂದು ನನ್ನ ನಂಬಿಕೆ.

ಸರಿಸುಮಾರು ಈ ಪ್ರಶಸ್ತಿಗಳು ಆರಂಭವಾದ ಕಾಲದಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಮಲೆನಾಡಿನ ಹುಡುಗ ಕೆ. ವಿ. ಪುಟ್ಟಪ್ಪ ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದರು. ಆ ಕವಿತೆಗಳು ‘ಬಿಗಿನರ್ಸ್ ಮ್ಯೂಸ್’ ಎಂಬ ಹೆಸರಿನಲ್ಲಿ 1922ರಲ್ಲಿ ಅಚ್ಚಾದವು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಬರಹ ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆಯಿತ್ತ ಪ್ರಸಂಗ ಕನ್ನಡಿಗರಿಗೆಲ್ಲ ತಿಳಿದದ್ದೇ. ಅಲ್ಲಿ ಸ್ಪರ್ಧೆಯಿರಲಿಲ್ಲ, ಪದಕವಿರಲಿಲ್ಲ. ಮನೆಯವರೂ ಮೇಷ್ಟರೂ ಅಲ್ಲದ ಒಬ್ಬ ಪರಿಚಯವಿಲ್ಲದ ಹಿರಿಯರು ಹುಡುಗನ ಬರಹವನ್ನು ಗಂಭೀರವಾಗಿ ಓದಿದರು, ಅಷ್ಟೆ. ಕನ್ನಡಕ್ಕೆ ಕುವೆಂಪು ದೊರೆತರು.

ಸ್ಪರ್ಧೆಯಿಂದ ಮಕ್ಕಳಿಗೆ ಸಿಗುವ ನಿಜವಾದ ಲಾಭವೂ ಅಂಥ ಓದುಗನೇ. ತೀರ್ಪುಗಾರರಿಗೆ ಬರೆದವರ ಹೆಸರು ತಿಳಿಸುವುದಿಲ್ಲ. ನಮ್ಮ ವೈದ್ಯಕೀಯದಲ್ಲಿ ಹೊಸ ಔಷಧಿಯನ್ನು ಪರೀಕ್ಷಿಸುವಾಗ ಯಾರಿಗೆ ಯಾವ ಮಾತ್ರೆ ಎಂಬುದನ್ನು ಮುಚ್ಚಿಡುತ್ತೇವಲ್ಲ, ಸ್ವಲ್ಪ ಹಾಗೆಯೇ. ಯಾರ ಮಗು, ಯಾವ ಬಣ್ಣ, ಯಾವ ಶಾಲೆ ಎಂಬುದಕ್ಕಿಂತ ಬರಹದ ಸ್ವಂತಿಕೆ, ಕೌಶಲ, ತನ್ನದೇ ಆದ ದನಿ ಇವೇ ಮುಖ್ಯ.

ಏಳರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಭಾಗವಹಿಸಬಹುದು. ಸಣ್ಣಕಥೆ, ಕವಿತೆ, ನಾಟಕ, ಹಾಸ್ಯ, ಆತ್ಮಕಥನದ ಪ್ರಬಂಧ ಹೀಗೆ ಹಲವು ವಿಭಾಗಗಳಿವೆ. ಮೊದಲ ತೀರ್ಪು ಆಯಾ ಪ್ರದೇಶದಲ್ಲೇ ನಡೆಯುತ್ತದೆ. ಅಲ್ಲಿ ‘ಗೋಲ್ಡ್ ಕೀ’ ಗಳಿಸಿದ ಬರಹಗಳು ರಾಷ್ಟ್ರಮಟ್ಟಕ್ಕೆ ಹೋಗುತ್ತವೆ. ಕೊನೆಯ ದಿನಾಂಕ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾದ್ದರಿಂದ ಸೆಪ್ಟೆಂಬರಿನಲ್ಲೇ ವಿಚಾರಿಸುವುದು ಒಳ್ಳೆಯದು.

‘ಇದರಿಂದ ಮೆಡಿಕಲ್ ಸೀಟು ಸಿಗುತ್ತದೆಯೇ?’ ಎಂದು ಕೇಳುವ ತಂದೆತಾಯಿಯರಿಗೆ ಒಂದು ಮಾತು. ರೋಗಿ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಿಕೊಂಡಾಗ ಎಷ್ಟೋ ಸಲ ಅರ್ಧ ರೋಗನಿರ್ಣಯ ಮುಗಿದಿರುತ್ತದೆ. ನಮ್ಮ ಮಕ್ಕಳೂ ಹಾಗೆಯೇ. ಊಟದ ಮೇಜಿನಲ್ಲಿ ‘ಫೈನ್’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಹುಡುಗ, ಕಾಗದದ ಮೇಲೆ ನಾಲ್ಕು ಪುಟ ಹೇಳಿಯಾನು. ಅದರಲ್ಲಿ ನಮಗೆ ಹಿತವಲ್ಲದ ಮಾತೂ ಇದ್ದೀತು. ತಿದ್ದಲು ಹೋಗದೆ ಓದೋಣ.

ಅವರು ಬರೆಯುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ. ಅದಕ್ಕೆ ಕೊರಗಬೇಕಿಲ್ಲ, ಮಾಲಮುಡ್ ಬರೆದದ್ದೂ ಇಂಗ್ಲಿಷಿನಲ್ಲೇ, ಆದರೆ ಆ ವಾಕ್ಯಗಳ ಒಳಗೆ ಯಿಡ್ಡಿಷಿನ ಲಯವಿತ್ತು. ಅಜ್ಜಿಯ ಗಾದೆ, ಹಿತ್ತಲಿನ ಬಾವಿ, ನಾವು ಎರಡು ಸೂಟ್‌ಕೇಸ್ ಹಿಡಿದು ಇಲ್ಲಿಗೆ ಬಂದಿಳಿದ ಕಥೆ, ಇವನ್ನೆಲ್ಲ ಮಕ್ಕಳಿಗೆ ಕನ್ನಡದಲ್ಲೇ ಹೇಳುವ ಕೆಲಸ ನಮ್ಮದು. ನಾವು ಹೇಳದಿದ್ದರೆ ಅವರು ಎಲ್ಲಿಂದ ತಂದು ಬರೆದಾರು? ಮುಂದಿನ ವಾರ್ಷಿಕೋತ್ಸವದಲ್ಲಿ ಬರೆಯುವ ಮಕ್ಕಳಿಗೆ ಹತ್ತು ನಿಮಿಷ ವೇದಿಕೆ ಬಿಟ್ಟುಕೊಟ್ಟು, ಅವರು ಓದುವುದನ್ನು ಕೇಳುವಂತಾಗಲಿ ಎಂದು ಸಂಘದ ಹಿರಿಯರಲ್ಲಿ ನನ್ನ ವಿನಂತಿ.