‘ಚಿತ್ತ’ದ ಎರಡು ಅರ್ಥಗಳು: ಕೋಲಾರ ಚಿನ್ನದ ಗಣಿ ಪ್ರದೇಶದ ಕ್ರೈಸ್ತರಲ್ಲಿ ಸಂಕಟ ಮತ್ತು ಶರಣಾಗತಿ

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಕೋಲಾರದ ಚಿನ್ನದ ಗಣಿಗಳು ಬೆಳೆದಾಗ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಅವುಗಳ ಹೆಬ್ಬಾಗಿಲಾಯಿತು. ಉತ್ತರ ಆರ್ಕಾಟ್ ಹಾಗೂ ಚಿತ್ತೂರು ಸೀಮೆಗಳಿಂದ ತಮಿಳು, ತೆಲುಗು ಕಾರ್ಮಿಕರು ಬಂದರು. ಅವರಲ್ಲಿ ದಲಿತರು ಬಹುಸಂಖ್ಯೆಯಲ್ಲಿದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿತಜ್ಞರಲ್ಲಿ ಮೆಥಡಿಸ್ಟ್ ಸಂಪ್ರದಾಯ ಪ್ರಬಲವಾಗಿತ್ತು. ಹೀಗೆ ಒಂದೇ ಊರಿನಲ್ಲಿ ಒಡೆಯನೂ ಆಳೂ ಒಬ್ಬನೇ ದೇವರನ್ನು ಪ್ರಾರ್ಥಿಸುವ ಸನ್ನಿವೇಶ ಏರ್ಪಟ್ಟಿತು.

ಸಂಕಟವನ್ನು ಕುರಿತ ಕ್ರೈಸ್ತ ಚಿಂತನೆಯ ಕೇಂದ್ರ ಗೆತ್ಸೆಮನೆ ತೋಟದ ಪ್ರಸಂಗ. ಮರಣದ ಹಿಂದಿನ ರಾತ್ರಿ ಯೇಸು ತನ್ನ ಪಾಲಿನ ಯಾತನೆ ತಪ್ಪಲೆಂದು ಮೊದಲು ಬೇಡುತ್ತಾನೆ, ಅನಂತರ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸುತ್ತಾನೆ. ಮೊರೆಯಿಲ್ಲದ ಶರಣಾಗತಿ ಅಲ್ಲಿಲ್ಲ ಎಂಬುದು ಗಮನಾರ್ಹ.

ಕನ್ನಡ, ತಮಿಳು, ತೆಲುಗು ಬೈಬಲ್ಲುಗಳು ಮೂರೂ ದೈವೇಚ್ಛೆಗೆ ‘ಚಿತ್ತ’ ಶಬ್ದವನ್ನೇ ಬಳಸಿವೆ. ಆದರೆ ಕನ್ನಡದ ಲೋಕವ್ಯವಹಾರದಲ್ಲಿ ‘ತಮ್ಮ ಚಿತ್ತ’ ಎಂಬುದು ಒಡೆಯನ ಮುಂದೆ ತಲೆಬಾಗುವ ಮಾತೂ ಹೌದು. ಒಡೆಯನ ಇಚ್ಛೆಯನ್ನೇ ದೈವೇಚ್ಛೆಯೆಂದು ಭ್ರಮಿಸುವ ಅಪಾಯ ಈ ಶಬ್ದದಲ್ಲೇ ಅಡಗಿದೆ.

ಗಣಿಯಲ್ಲಿ ಈ ಪ್ರಶ್ನೆ ಜೀವನ್ಮರಣದ್ದಾಗಿತ್ತು. ಮೂರು ಸಾವಿರ ಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್‌ನಲ್ಲಿ ಅದಿರು ತೆಗೆದಂತೆ ಶಿಲೆಯ ಒತ್ತಡ ಏರುಪೇರಾಗಿ ಶಿಲಾಸ್ಫೋಟಗಳು ಸಂಭವಿಸುತ್ತಿದ್ದವು. ಶಿಲೆಯ ಗುಣ ಮನುಷ್ಯನ ಕೈಯಲ್ಲಿಲ್ಲ. ಎಷ್ಟು ಆಳಕ್ಕೆ ಇಳಿಯಬೇಕು, ಎಂಥ ಆಧಾರ ಕಟ್ಟಬೇಕು ಎಂಬುದು ಆಡಳಿತದ ನಿರ್ಧಾರ. ಸಾವನ್ನೆಲ್ಲ ದೈವಚಿತ್ತವೆಂದರೆ ಈ ಎರಡನೆಯ ಹೊಣೆ ಮರೆಯಾಗುತ್ತದೆ. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಕ್ರೈಸ್ತರದ್ದೇ ಆದ ಚಳವಳಿಯಲ್ಲ; ಆದರೂ ಒಡೆಯನ ಚಿತ್ತವನ್ನು ಪ್ರಶ್ನಿಸಬಹುದೆಂದು ಊರಿಗೆಲ್ಲ ತೋರಿಸಿತು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ದುಡಿಮೆ ತಪ್ಪಿದ ಅನೇಕರು ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ಕೆಲಸಗಳಿಗೆ ಹೋಗಿಬರತೊಡಗಿದರು. ಈ ಸಂಕಟವೂ ಮನುಷ್ಯರ ತೀರ್ಮಾನದ ಫಲವೇ. ಮಡಿದವರಿಗಾಗಿ ದುಃಖಿಸುವ ಕುಟುಂಬಕ್ಕೆ ಶರಣಾಗತಿ ಆಸರೆಯಾದೀತು. ಬಾಕಿ ಪರಿಹಾರ ಕೇಳುವವನಿಗೆ ಅದನ್ನೇ ಉತ್ತರವಾಗಿ ಕೊಡುವುದು ಆ ಪ್ರಾರ್ಥನೆಯ ಮೊದಲರ್ಧವನ್ನು ಅಳಿಸಿದಂತೆ. ಗೆತ್ಸೆಮನೆಯಲ್ಲಿ ಒಪ್ಪಿಸಿಕೊಂಡವನು ಮೊದಲು ಬೇಡಿಕೊಂಡಿದ್ದನು.