ಆಸ್ಪತ್ರೆ ಕಟ್ಟುವ ಆರ್ಕಿಟೆಕ್ಟ್: ಔಷಧದಾನಕ್ಕೆ ಬೇಕಾದ ಒಂದು ವಿದ್ಯೆ

ಶ್ರಾವಕರಿಗೆ ಹೇಳಿರುವ ಚತುರ್ವಿಧ ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರ ದಾನಗಳ ಜೊತೆಗೆ ಔಷಧದಾನವೂ ಒಂದು. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನೇ ರಚಿಸಿದರು. ಈ ಕಾಲದಲ್ಲಿ ಔಷಧದಾನವೆಂದರೆ ಕ್ಲಿನಿಕ್, ಲ್ಯಾಬ್, ಡಯಾಲಿಸಿಸ್ ಕೇಂದ್ರ, ಆಸ್ಪತ್ರೆ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆ ಸಮಾಜದವರೆಲ್ಲ ಬಲ್ಲ ಉದಾಹರಣೆ.

ಇಂಥ ಕೆಲಸಕ್ಕೆ ಹಣ ಕೂಡಿಸುವಾಗ ವೈದ್ಯರು ಯಾರು, ಯಂತ್ರ ಯಾವುದು ಎಂಬ ಚರ್ಚೆ ನಡೆಯುತ್ತದೆ. ನಕ್ಷೆ ಬರೆಯುವವರು ಯಾರು ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಮನೆ ಕಟ್ಟಿಸಿದ ಪರಿಚಯದ ಮೇಸ್ತ್ರಿ ಅಥವಾ ಇಂಜಿನಿಯರಿಗೇ ಕೆಲಸ ಒಪ್ಪಿಸುವುದುಂಟು. ಆದರೆ ಆಸ್ಪತ್ರೆಯ ನಕ್ಷೆ ಬೇರೆಯೇ ವಿದ್ಯೆ. ಅದನ್ನೇ ವೃತ್ತಿಯಾಗಿ ಮಾಡಿಕೊಂಡ ಆರ್ಕಿಟೆಕ್ಟ್‌ಗಳಿದ್ದಾರೆ.

ಮೂವತ್ತು ನಲವತ್ತರ ಲೆಕ್ಕ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಹೆಚ್ಚಾಗಿ ಇರುವುದು 30×40 ಮತ್ತು 40×60 ಅಡಿಯ ಮನೆ ಸೈಟುಗಳು. ಚಿಕ್ಕ ಆರೋಗ್ಯ ಕೇಂದ್ರಗಳು ಇಂಥ ಸೈಟುಗಳಲ್ಲೇ, ಎಷ್ಟೋ ಸಲ ಹಳೆಯ ಮನೆಗಳಲ್ಲೇ ಶುರುವಾಗುತ್ತವೆ. ಇಲ್ಲಿ ಆರ್ಕಿಟೆಕ್ಟ್ ಮೊದಲು ನೋಡುವುದು ರೋಗಿ ಒಳಗೆ ಬರುವ ದಾರಿಯನ್ನು.

ಗಾಲಿಕುರ್ಚಿ ಹತ್ತುವ ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಬೇಕು. ಅಂದರೆ ನೆಲ ಒಂದು ಅಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದ. ಮಳೆನೀರು ನುಗ್ಗಬಾರದೆಂದು ತಳಪಾಯವನ್ನು ಮೂರು ಅಡಿ ಏರಿಸಿದರೆ 36 ಅಡಿ ಬೇಕು. ನಲವತ್ತು ಅಡಿ ಆಳದ ಸೈಟಿನಲ್ಲಿ ಅಷ್ಟು ಜಾಗ ನೇರವಾಗಿ ಸಿಗುವುದು ಕಷ್ಟ. ನಕ್ಷೆಯ ಹಂತದಲ್ಲೇ ಇದನ್ನು ಯೋಚಿಸಿದರೆ ನೆಲದ ಎತ್ತರ ತಗ್ಗಿಸಬಹುದು, ಇಳಿಜಾರನ್ನು ತಿರುಗಿಸಿ ತರಬಹುದು. ಕಟ್ಟಿದ ಮೇಲೆ ಯೋಚಿಸಿದರೆ ಉಳಿಯುವುದು ಮೆಟ್ಟಿಲು ಮಾತ್ರ. ಮಂಡಿನೋವಿಗೆ ಚಿಕಿತ್ಸೆ ಕೊಡುವ ಜಾಗಕ್ಕೆ ಮಂಡಿನೋವಿನವರೇ ಹತ್ತಿ ಬರಲಾಗದು.

ಲಿಫ್ಟ್ ವಿಷಯವೂ ಹಾಗೆಯೇ. ಮನೆಗೆ ಹಾಕುವ ನಾಲ್ಕಾರು ಜನರ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಆಸ್ಪತ್ರೆಯ ಕಾರಿಡಾರ್ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ ಅಗಲ ಇರಬೇಕು. ಬರುವ ಹಾಸಿಗೆ, ಹೋಗುವ ಹಾಸಿಗೆ ಎರಡಕ್ಕೂ ದಾರಿ ಬೇಕಲ್ಲ.

ಗೋಡೆಯೊಳಗಿನ ಕೆಲಸ

ಸಮಾಜದ ಟ್ರಸ್ಟ್‌ಗಳು ಮುತುವರ್ಜಿಯಿಂದ ನಡೆಸುವ ಸೇವೆಗಳಲ್ಲಿ ಡಯಾಲಿಸಿಸ್ ಒಂದು. ಒಬ್ಬ ರೋಗಿಯ ನಾಲ್ಕು ಗಂಟೆಯ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಶುದ್ಧೀಕರಣದಲ್ಲಿ ಒಂದು ಪಾಲು ನೀರು ಹೊರಗೆ ಹೋಗುವುದರಿಂದ ಅದಕ್ಕಿಂತ ಹೆಚ್ಚು ನೀರನ್ನು ಸಂಪಿನಲ್ಲಿ ಇಟ್ಟುಕೊಳ್ಳಬೇಕು. ಆರ್‌ಒ ಘಟಕಕ್ಕೆ ಪ್ರತ್ಯೇಕ ಕೋಣೆ, ಟ್ಯಾಂಕಿನ ಭಾರ ಹೊರುವ ಮೋಲ್ಡ್, ಪ್ರತಿ ಯಂತ್ರದ ಹಿಂದೆ ಡ್ರೈನ್, ಜನರೇಟರ್, ಸೋಂಕಿರುವ ರೋಗಿಗಳಿಗೆ ಬೇರೆ ಯಂತ್ರ ಮತ್ತು ಜಾಗ: ಇವೆಲ್ಲ ನಕ್ಷೆಯಲ್ಲೇ ಇರಬೇಕು. ಯಂತ್ರ ದಾನ ಬಂದ ಮೇಲೆ ಗೋಡೆ ಒಡೆದು ಪೈಪ್ ಎಳೆದರೆ ಖರ್ಚು ಹೆಚ್ಚು, ಮುಂದೆ ಸೋರಿಕೆಯ ತೊಂದರೆಯೂ ಹೆಚ್ಚು.

ಎಕ್ಸ್-ರೇ ಕೋಣೆಗೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅಥವಾ ಅದಕ್ಕೆ ಸಮನಾದ ರಕ್ಷಣೆ ಬೇಕು. ಬಾಗಿಲಿಗೆ ಸೀಸದ ತಗಡು ಬೇಕು. ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ವೈದ್ಯಕೀಯ ತ್ಯಾಜ್ಯವನ್ನು 2016ರ ನಿಯಮಗಳಂತೆ ಬಣ್ಣದ ಪ್ರಕಾರ ಬೇರ್ಪಡಿಸಿಡಲು ಜಾಗ ಬಿಡಬೇಕು. ಖಾಸಗಿ ಸಂಸ್ಥೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಕಡ್ಡಾಯ.

ಗಾಳಿ, ಬೆಳಕು

ಕ್ಷಯಕ್ಕೆ ತಕ್ಕ ಔಷಧ ಇಲ್ಲದ ಕಾಲದಲ್ಲಿ ಗಾಳಿ, ಬಿಸಿಲು, ವಿಶ್ರಾಂತಿಗಳನ್ನೇ ನಂಬಿ ಚಿಕಿತ್ಸೆ ನಡೆಯುತ್ತಿತ್ತು. 1921ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ಆ ಕಾಲದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯ ನೆನಪಿನಲ್ಲಿ ಅದಕ್ಕೆ ಆ ಹೆಸರು. ಔಷಧಗಳು ಬಂದ ಮೇಲೂ ಈ ಮಾತು ಹಳತಾಗಿಲ್ಲ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು. ಅವರಿಗೆ ಬೇಕಾದ ಬಲವಾದ ನೋವಿನ ಮದ್ದೂ ಕಡಿಮೆ.

ಲಾರಿ ಬೇಕರ್ ಅವರ ಹಾದಿ

ಆರೋಗ್ಯ ಕಟ್ಟಡಗಳಿಂದಲೇ ಭಾರತದಲ್ಲಿ ವೃತ್ತಿ ಆರಂಭಿಸಿದ ದೊಡ್ಡ ಹೆಸರು ಲಾರಿ ಬೇಕರ್ (1917–2007). ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಹುಟ್ಟಿದ ಅವರು ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಎರಡನೇ ಮಹಾಯುದ್ಧದಲ್ಲಿ ಆಯುಧ ಹಿಡಿಯದೆ ಚೀನಾದಲ್ಲಿ ರೋಗಿಗಳ ಸೇವೆ ಮಾಡಿದರು. ಊರಿಗೆ ಮರಳುವಾಗ ಮುಂಬಯಿಯಲ್ಲಿ ಗಾಂಧೀಜಿಯವರನ್ನು ಕಂಡರು. 1945ರಲ್ಲಿ ಕುಷ್ಠರೋಗ ಸೇವಾ ಸಂಸ್ಥೆಯೊಂದರ ಆರ್ಕಿಟೆಕ್ಟ್ ಆಗಿ ಭಾರತಕ್ಕೆ ಬಂದರು. ರೋಗಿಗಳನ್ನು ಊರಿನಿಂದ ದೂರ ಇಡಲೆಂದು ಕಟ್ಟಿದ್ದ ಆಶ್ರಯಗಳನ್ನು, ಗುಣಪಡಿಸಿ ಮನೆಗೆ ಕಳಿಸುವ ಆಸ್ಪತ್ರೆಗಳಾಗಿ ಮಾರ್ಪಡಿಸುವುದು ಅವರ ಕೆಲಸವಾಗಿತ್ತು.

ಮುಂದೆ ವೈದ್ಯೆಯಾಗಿದ್ದ ಪತ್ನಿ ಎಲಿಜಬೆತ್ ಜೊತೆ ಹಿಮಾಲಯದ ಪಿಥೋರಗಢದಲ್ಲಿ ಆಸ್ಪತ್ರೆ ಕಟ್ಟಿ ಹಲವು ವರ್ಷ ನಡೆಸಿದರು. ಅಲ್ಲಿನ ಜನ ಸ್ಥಳೀಯ ಕಲ್ಲು, ಮರಗಳಿಂದ ಕಟ್ಟುವ ಬಗೆಯನ್ನು ನೋಡಿ ಕಲಿತರು. ಬೇಡದ್ದನ್ನು ಬಿಟ್ಟು ಕಡಿಮೆ ಖರ್ಚಿನಲ್ಲಿ ಕಟ್ಟುವ ಅವರ ರೀತಿಗೆ ಕೇರಳದಲ್ಲಿ ಹೆಸರು ಬಂತು. 1990ರಲ್ಲಿ ಪದ್ಮಶ್ರೀ ದೊರೆಯಿತು. ಅಹಿಂಸೆಯನ್ನೂ ಅಪರಿಗ್ರಹವನ್ನೂ ಬಲ್ಲ ಓದುಗರಿಗೆ ಈ ಜೀವನದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಓದು

ಪಿಯುಸಿಯಲ್ಲಿ ಗಣಿತ ಓದಿದ ಮಕ್ಕಳು ನಾಟಾ ಪರೀಕ್ಷೆ ಬರೆದು ಐದು ವರ್ಷದ ಬಿ.ಆರ್ಕ್ ಸೇರಬಹುದು. ಪಶ್ಚಿಮ ಬೆಂಗಳೂರಿನವರಿಗೆ ಜ್ಞಾನಭಾರತಿ ಆವರಣದ ಯುವಿಸಿಇ ವಾಸ್ತುಶಿಲ್ಪ ವಿಭಾಗ ಹತ್ತಿರದ್ದು. ಪದವಿಯ ನಂತರ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಆಸ್ಪತ್ರೆ ವಿನ್ಯಾಸವನ್ನು ಹಿರಿಯರ ಕಚೇರಿಯಲ್ಲಿ ದುಡಿದು, ವಾರ್ಡುಗಳಲ್ಲಿ ನರ್ಸ್‌ಗಳ ಜೊತೆ ಓಡಾಡಿ ಕಲಿಯಬೇಕು. ರಾತ್ರಿ ಪಾಳಿಯ ನರ್ಸ್ ಎಷ್ಟು ಹೆಜ್ಜೆ ನಡೆಯುತ್ತಾರೆ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ.

ದಾನಿಗಳೂ ಟ್ರಸ್ಟಿಗಳೂ ಕೇಳಬೇಕಾದವು

ಸೈಟ್ ಕೊಳ್ಳುವ ಮೊದಲೇ ಆರ್ಕಿಟೆಕ್ಟನ್ನು ಕರೆದು ತೋರಿಸಲಾಗಿದೆಯೇ? ಅವರು ಹಿಂದೆ ಆಸ್ಪತ್ರೆ ಕಟ್ಟಿದ್ದಾರೆಯೇ, ಅಲ್ಲಿನ ನರ್ಸ್‌ಗಳು ಏನೆನ್ನುತ್ತಾರೆ? ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ? ಬೆಂಕಿ ಬಿದ್ದರೆ ಮಲಗಿದವರು ಹೊರಬರುವ ದಾರಿ ಯಾವುದು? ಗಾಲಿಕುರ್ಚಿಯವರು ಶೌಚಾಲಯದ ಬಾಗಿಲು ದಾಟಬಲ್ಲರೇ? ಹತ್ತು ವರ್ಷದ ನಿರ್ವಹಣೆಗೆ ಹಣ ಎಲ್ಲಿಂದ?

ಮುಂಭಾಗದ ಗ್ರಾನೈಟ್, ದಾನಿಗಳ ನಾಮಫಲಕ ಇವೆಲ್ಲ ಆಮೇಲೆ ಬರಲಿ. ನಕ್ಷೆಗೆ ಕೊಡುವ ಶುಲ್ಕವೂ ಔಷಧದಾನದ್ದೇ ಒಂದು ಭಾಗವೆಂದು ಎಣಿಸಿದರೆ, ಕೊಟ್ಟ ಹಣ ರೋಗಿಯ ಹಾಸಿಗೆಯವರೆಗೆ ತಲುಪುತ್ತದೆ.