ಏರ್ ಗನ್ನಿನ ನಳಿಗೆ: ಗುರಿ ಅಗ್ಗವಾದ ಕತೆ

ಜಾತ್ರೆಯಲ್ಲಿ ಬಲೂನಿಗೆ ಗುರಿ ಹಿಡಿದವರು ಈ ಮಾತನ್ನು ಒಪ್ಪುತ್ತೀರಿ. ಕಣ್ಣು ಸರಿ ಇರುತ್ತದೆ, ಕೈ ನಡುಗುವುದಿಲ್ಲ, ಆದರೂ ಛರ್ರೆ ಮಾತ್ರ ಪಕ್ಕದ ಬಲೂನಿಗೇ ಹೋಗುತ್ತದೆ! ನಮ್ಮ ಧಾರವಾಡದ ಕಡೆ ಜಾತ್ರೆಗಳಲ್ಲೂ ಹಾಗೇ, ಮುಂಬಯಿಗೆ ಬಂದ ಹೊಸತರಲ್ಲಿ ಜುಹು ಬೀಚಿನಲ್ಲೂ ಹಾಗೇ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಸುಮ್ಮನಾಗಿದ್ದೆ. ತಪ್ಪು ನಳಿಗೆಯದೂ ಇರಬಹುದು ಅಂತ ಹೊಳೆದದ್ದು ಮೂವತ್ತು ವರ್ಷ ಕಳೆದ ಮೇಲೆ.

ಆದದ್ದಿಷ್ಟು. ಊರಿನ ಮನೆಯ ಅಟ್ಟದ ಮೇಲಿದ್ದ ಅಪ್ಪನ ಹಳೇ ಏರ್ ರೈಫಲ್ಲನ್ನು ನೆನಪಿಗಿರಲಿ ಅಂತ ಇಲ್ಲಿಗೆ ತಂದಿಟ್ಟಿದ್ದೆ. ತಂಗಿಯ ಮಗಳಿಗೆ ಶೂಟಿಂಗ್ ಕಲಿಯುವ ಹುಚ್ಚು ಹತ್ತಿತು. ಸ್ಪರ್ಧೆಗೆ ಬಳಸುವ ವಿದೇಶೀ ರೈಫಲ್ಲಿನ ಬೆಲೆ ಲಕ್ಷಗಳಲ್ಲಿ. ಅಪ್ಪನ ಬಂದೂಕು ಹಿಡಿದರೆ ಹತ್ತು ಮೀಟರಿನಲ್ಲೇ ಛರ್ರೆಗಳು ಅಂಗೈ ಅಗಲಕ್ಕೆ ಚೆದುರುತ್ತಿದ್ದವು. "ಮಾಮಾ, ಇದಕ್ಕ ಹೊಸಾ ಬ್ಯಾರೆಲ್ ಹಾಕಿಸಿದ್ರ ಆಗೂದಿಲ್ಲೇನು?" ಅಂದಳು. ಸರಿ, ಅಗ್ಗದ ಬ್ಯಾರೆಲ್ ಹುಡುಕಲು ಹೊರಟವನು ಅದರ ಇತಿಹಾಸದೊಳಗೇ ಸಿಕ್ಕಿಬಿದ್ದೆ.

ರೈಫಲ್ಲಿನ ನಳಿಗೆಯ ಒಳಗೋಡೆಯಲ್ಲಿ ತಿರುಪಿನಂಥ ಗೀರುಗಳಿರುತ್ತವೆ. ರೈಫಲ್ ಅನ್ನುವ ಹೆಸರು ಬಂದದ್ದೇ ಅದರಿಂದ. ಗುಂಡು ಆ ಗೀರುಗಳನ್ನು ಕಚ್ಚಿಕೊಂಡು ಸುತ್ತುತ್ತಾ ಹೊರಬರುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ, ಸುತ್ತುವ ಗುಂಡು ಓಲಾಡದೆ ನೇರ ಹೋಗುತ್ತದೆ. ಈ ಉಪಾಯ ಜರ್ಮನ್ ನಾಡುಗಳ ಕುಶಲಕರ್ಮಿಗಳಿಗೆ 16ನೇ ಶತಮಾನದಲ್ಲೇ ಗೊತ್ತಿತ್ತು. ಆದರೆ ಕೆಲಸ ನಿಧಾನದ್ದು. ಕೊಕ್ಕೆಯಂಥ ಸಣ್ಣ ಉಳಿಯನ್ನು ನಳಿಗೆಯೊಳಗೆ ಮತ್ತೆ ಮತ್ತೆ ಎಳೆದು, ಒಂದೊಂದೇ ಗೀರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೊರೆಯಬೇಕು. ಹೀಗಾಗಿ ಒಳ್ಳೆಯ ಗುರಿ ಅನ್ನುವುದು ದುಡ್ಡಿದ್ದವರ ಸೊತ್ತಾಗಿತ್ತು.

ಅಂದ ಹಾಗೆ, ಗಾಳಿ ಬಂದೂಕು ಮಕ್ಕಳ ಆಟಿಕೆಯಾಗಿ ಹುಟ್ಟಿದ್ದಲ್ಲ. 1780ರ ಸುಮಾರಿಗೆ ಜಿರಾಂಡೋನಿ ಎಂಬಾತ ರೂಪಿಸಿದ ಗಾಳಿ ರೈಫಲ್ಲನ್ನು ಆಸ್ಟ್ರಿಯಾದ ಸೈನ್ಯವೇ ಬಳಸಿತು. ಹೆಗಲಿಗೆ ಆನಿಸುವ ಹಿಂಭಾಗವೇ ಗಾಳಿಯ ಸಿಲಿಂಡರ್. ಹೊಗೆಯಿಲ್ಲ, ಮಳೆಗೆ ಮದ್ದು ನೆನೆಯುವ ಭಯವಿಲ್ಲ. ಆದರೆ ಗಾಳಿ ತುಂಬಲು ಕೈಪಂಪನ್ನು ನೂರಾರು ಸಲ ಒತ್ತಬೇಕು, ಕೆಟ್ಟರೆ ರಿಪೇರಿ ಕಷ್ಟ. ಕೆಲವೇ ದಶಕಗಳಲ್ಲಿ ಸೈನ್ಯ ಅದನ್ನು ಕೈಬಿಟ್ಟಿತು.

ಗಾಳಿ ಬಂದೂಕು ಜನಸಾಮಾನ್ಯರ ಕೈಗೆ ಬಂದ ಕತೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ದೊಡ್ಡ ಪಾಲಿದೆ. ಅಲ್ಲಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಸ್ಪ್ರಿಂಗಿನ ಏರ್ ರೈಫಲ್ಲಿಗೆ ಪೇಟೆಂಟ್ ಪಡೆದ. 1905ರಿಂದ ಬಿ.ಎಸ್.ಎ. ಕಂಪನಿ ಅದನ್ನು ತಯಾರಿಸಿತು. ಸೈನ್ಯಕ್ಕೆ ರೈಫಲ್ ಮಾಡುತ್ತಿದ್ದ ಕಂಪನಿ ಅದು. ನಳಿಗೆ ಕೊರೆಯುವುದು ಅದಕ್ಕೆ ಹೊಸ ವಿದ್ಯೆಯೇನಲ್ಲ. ಅದೇ ಕಾಲಕ್ಕೆ ಸೊಂಟ ಸಣ್ಣಗಿರುವ ಡಮರುಗದಂಥ ಸೀಸದ ಛರ್ರೆಯೂ ಬಂತು. ಗಾಳಿಯ ಒತ್ತಡಕ್ಕೆ ಅದರ ತೆಳ್ಳನೆಯ ಹಿಂಬದಿ ಅರಳಿ ಗೀರುಗಳನ್ನು ತುಂಬಿಕೊಳ್ಳುತ್ತದೆ. ಬರ್ಮಿಂಗ್‌ಹ್ಯಾಮ್ ಕಡೆಯ ಪಬ್ಬುಗಳಲ್ಲಿ ಕೆಲಸಗಾರರು ಸಂಜೆ ಕೂತು, ಸಣ್ಣ ತೂತಿನ ಹಿಂದಿನ ಗಂಟೆ ಬಾರಿಸುವ ಸ್ಪರ್ಧೆ ಆಡತೊಡಗಿದರು.

ನಮ್ಮ ಮುಂಬಯಿಯ ಸಲೀಂ ಅಲಿಯವರ ಕತೆ ಬಹಳ ಮಂದಿಗೆ ಗೊತ್ತು. ಆ ಶತಮಾನದ ಮೊದಲ ದಶಕದಲ್ಲಿ, ಹುಡುಗನಾಗಿದ್ದಾಗ, ಏರ್ ಗನ್ನಿನಿಂದ ಹಳದಿ ಕೊರಳಿನ ಗುಬ್ಬಿಯೊಂದನ್ನು ಹೊಡೆದರು. ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದವರು ಮುಂದೆ ಹಕ್ಕಿಗಳಿಗೇ ಬದುಕು ಕೊಟ್ಟರು. ಗುರಿ ತಪ್ಪಿದ್ದರೆ ಏನಾಗುತ್ತಿತ್ತೋ!

ನಳಿಗೆ ನಿಜವಾಗಿ ಅಗ್ಗವಾದದ್ದು ಕೊರೆಯುವ ರೀತಿ ಬದಲಾದಾಗ. ತಿರುಪಿನ ಗೀರುಗಳ ಅಚ್ಚುಳ್ಳ ಅತಿ ಗಟ್ಟಿ ಲೋಹದ ಗುಂಡಿಯೊಂದನ್ನು ತೂತಿನೊಳಗೆ ಒಂದೇ ಸಲ ಬಲವಾಗಿ ಎಳೆದುಬಿಟ್ಟರೆ ಎಲ್ಲ ಗೀರುಗಳೂ ಒಟ್ಟಿಗೇ ಮೂಡುತ್ತವೆ. ಒಳಮೈ ಕನ್ನಡಿಯಂತೆ ನುಣುಪಾಗುತ್ತದೆ. ಇನ್ನೊಂದು ರೀತಿ ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಬೆಳೆದದ್ದು. ಅಚ್ಚಿನ ಸುತ್ತ ಉಕ್ಕನ್ನು ಯಂತ್ರದ ಸುತ್ತಿಗೆಗಳಿಂದ ಬಡಿದು ನಳಿಗೆ ಮಾಡುವುದು. ದಿನಗಳ ಕೆಲಸ ನಿಮಿಷಗಳಿಗೆ ಇಳಿಯಿತು. 1925ರಲ್ಲಿ ಶುರುವಾದ ಜರ್ಮನಿಯ ಲೋಥಾರ್ ವಾಲ್ಟರ್ ಸಂಸ್ಥೆ ಬರೀ ನಳಿಗೆ ಮಾಡಿಯೇ ಹೆಸರಾಯಿತು. ಬೇರೆ ಬೇರೆ ಕಂಪನಿಗಳ ಏರ್ ರೈಫಲ್‌ಗಳಲ್ಲಿ ಅದರ ನಳಿಗೆಗಳಿವೆ.

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಏರ್ ರೈಫಲ್ ಸೇರಿತು. ಹತ್ತು ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಎಷ್ಟಗಲ ಗೊತ್ತೇ? ಬರೀ ಅರ್ಧ ಮಿಲಿಮೀಟರ್! 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ ಕೊನೆಯ ಗುಂಡಿಗೆ ಸಿಕ್ಕ ಅಂಕ 10.8.

ಈ ಇತಿಹಾಸವೇ ಬ್ಯಾರೆಲ್ ಆರಿಸುವ ಪಾಠವನ್ನೂ ಹೇಳುತ್ತದೆ. ನಳಿಗೆ ಉದ್ದವಾದಷ್ಟೂ ಗುರಿ ಚೆನ್ನ ಅನ್ನುವುದು ತಪ್ಪು. ಸ್ಪ್ರಿಂಗ್ ಬಂದೂಕಿನಲ್ಲಿ ಛರ್ರೆಗೆ ತಳ್ಳು ಸಿಗುವುದು ಮೊದಲ ಕೆಲವು ಇಂಚುಗಳಲ್ಲೇ. ಉದ್ದಕ್ಕಿಂತ ಒಳಮೈಯ ನುಣುಪು ಮುಖ್ಯ, ತೂತು ಬಾಯಿಯ ಹತ್ತಿರ ಒಂದಿಷ್ಟೇ ಬಿಗಿಯಾಗಿದ್ದರೆ ಇನ್ನೂ ಒಳ್ಳೆಯದು. ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇರಲೇಬೇಕು. ಒಂದು ಕಡೆ ಚಿಕ್ಕ ಪೆಟ್ಟಾಗಿದ್ದರೂ ಗಾಳಿ ಓರೆಯಾಗಿ ನುಗ್ಗಿ ಛರ್ರೆಯನ್ನು ವಾಲಿಸುತ್ತದೆ. ಮಡಚುವ ಬಂದೂಕಾದರೆ ನಳಿಗೆಯ ಬುಡ ಕೀಲಿನ ತುಂಡಿಗೆ ಬಿಗಿಯಾಗಿ ಕೂರಬೇಕು. ಇನ್ನೊಂದು, ಕಾನೂನು. 2016ರ ಆಯುಧ ನಿಯಮಗಳ ಪ್ರಕಾರ 0.177 ಇಂಚು, ಅಂದರೆ 4.5 ಮಿಲಿಮೀಟರ್ ತೂತು ಮೀರಿದರೆ ಅಥವಾ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಆಸೆಗೆ ಬಿದ್ದು ದೊಡ್ಡ ತೂತಿನ ನಳಿಗೆ ಹಾಕಿಸಬೇಡಿ.

ಇಷ್ಟೆಲ್ಲ ಓದಿಕೊಂಡು ಬಂದೂಕು ರಿಪೇರಿಯ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಹಳೇ ನಳಿಗೆಯ ಬಾಯನ್ನು ಬೆಳಕಿಗೆ ಹಿಡಿದು ನಕ್ಕರು. "ಇದನ್ನ ಬಾಯಿ ಕೆಳಗೆ ಮಾಡಿ ನಿಲ್ಲಿಸ್ತಿದ್ದರಾ?" ಎಂದು ಹಿಂದಿಯಲ್ಲಿ ಕೇಳಿದರು. ನನಗೆ ಥಟ್ಟನೆ ನೆನಪಾಯಿತು. ಅಪ್ಪ ಪಡಸಾಲೆಯ ಕಲ್ಲುಹಾಸಿನ ಮೇಲೆ ಬಂದೂಕನ್ನು ಹಾಗೇ ಗೋಡೆಗೆ ಆನಿಸುತ್ತಿದ್ದರು! ಒಳಗೆ ಇದ್ದದ್ದು ಬಹುಪಾಲು ಹಳೇ ಎಣ್ಣೆ, ಸೀಸದ ಜಿಡ್ಡು. ತುಕ್ಕು ಆಳಕ್ಕೆ ಇಳಿದಿರಲಿಲ್ಲ. ಅವರು ತೊಳೆದು, ಬಾಯಿಯ ಅಂಚನ್ನು ಲೇತಿಗೆ ಹಾಕಿ ಸಮ ಮಾಡಿಕೊಟ್ಟರು. ನಾಲ್ಕು ಬಗೆಯ ಛರ್ರೆ ಹಾಕಿ ನೋಡಿದಾಗ ಒಂದು ಬಗೆ ಹೊಂದಿಕೊಂಡಿತು. ಅಂಗೈ ಅಗಲವಿದ್ದದ್ದು ರೂಪಾಯಿ ನಾಣ್ಯದ ಅಗಲಕ್ಕೆ ಬಂತು. ಹೊಸ ಬ್ಯಾರೆಲ್ ಬೇಕಾಗಲೇ ಇಲ್ಲ.

ಸ್ಪರ್ಧೆಗೆ ಇದು ಸಾಲದು, ನಿಜ. ಅದಕ್ಕೆ ಅವಳು ಕ್ಲಬ್ಬಿನ ರೈಫಲ್ ಹಿಡಿಯುತ್ತಾಳೆ. ಆದರೆ ಉಸಿರು ಬಿಗಿಹಿಡಿದು ಕೀಲು ಎಳೆಯುವುದನ್ನು ಕಲಿತದ್ದು ಅಜ್ಜನ ಬಂದೂಕಿನಲ್ಲೇ. ಈಗ ಅದು ನಮ್ಮ ಮನೆಯಲ್ಲಿ ಬಾಯಿ ಮೇಲೆ ಮಾಡಿಕೊಂಡು ನಿಂತಿದೆ.